ಬಚ್ಚಲ ತೂಬು ಮತ್ತು ಅತ್ತೆಯ ಸೀಗೆಪುಡಿ

ನನಗೆ ಚಿಕ್ಕಂದಿನಿಂದಲೂ ಒಂದು ಚಾಳಿ. ಯಾವುದಾದರೂ ಕಣ್ಣಿಗೆ ಮರೆಯಾದರೆ ಅದು ಎಲ್ಲಿಗೆ ಹೋಯಿತೆಂದು ನೋಡದೆ ಸಮಾಧಾನವಿಲ್ಲ. ಅರವತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಭದ್ರಾವತಿಯ ನ್ಯೂಟೌನಿನ ಕಾರ್ಖಾನೆ ಕ್ವಾರ್ಟರ್ಸಿಗೆ ಬಂದಾಗ ಎಲ್ಲರೂ ನಲ್ಲಿ ನೋಡಿ ಬೆರಗಾದರೆ ನಾನು ಬಚ್ಚಲ ಮೂಲೆಯ ತೂಬು ನೋಡಿ ಬೆರಗಾದೆ. ನನ್ನ ತವರು ಕುಂಸಿಯಲ್ಲಿ ಬಚ್ಚಲ ನೀರು ಗೋಡೆಯ ಕಂಡಿಯಿಂದ ಹೊರಬಿದ್ದು ಕೆಸುವಿನ ಗಿಡಗಳ ಕಡೆ ಹರಿಯುವುದು ಕಾಣುತ್ತಿತ್ತು. ಇಲ್ಲಿ ಅದು ಗುಳುಗುಳು ಎಂದು ನೆಲದೊಳಗೆ ಇಳಿದು ಹಿತ್ತಲಿನ ಗುಂಡಿ ಸೇರುತ್ತಿತ್ತು. ಗುಂಡಿಗೆ ಕಲ್ಲಿನ ಚಪ್ಪಡಿ ಮುಚ್ಚಿದ್ದರು.

ಮೊದಲ ದೀಪಾವಳಿಗೆ ಶಿವಮೊಗ್ಗದಿಂದ ಅತ್ತೆ, ಭಾವ, ವಾರಗಿತ್ತಿ, ಅವರ ನಾಲ್ಕು ಮಕ್ಕಳು ಬಂದರು. ಮರುದಿನ ನರಕ ಚತುರ್ದಶಿಯ ಎಣ್ಣೆಸ್ನಾನ. ಐದನೆಯವರ ಸ್ನಾನಕ್ಕೆ ತೂಬು ಕಟ್ಟಿತು. ನೀರು ಏರಿ, ಹೊಸಿಲು ದಾಟಿ, ಅಡುಗೆಮನೆಗೆ ನುಗ್ಗಿ, ಒಲೆಯ ಬುಡಕ್ಕೇ ಬಂತು. ಹೊಸ ಸೊಸೆಯ ಮೊದಲ ಹಬ್ಬ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

"ಒಂದು ಡಬ್ಬ ಸೀಗೆಪುಡಿ ಸುರಿದ್ರೆ ಇನ್ನೇನಾಗುತ್ತೆ" ಎಂದೆ, ಎಲ್ಲರ ಎದುರಿಗೆ.

ಡಬ್ಬ ಅತ್ತೆಯದು. ಮೆಂತ್ಯ, ಒಣಗಿಸಿದ ಕಿತ್ತಳೆ ಸಿಪ್ಪೆ ಸೇರಿಸಿ ಅವರೇ ಕುಟ್ಟಿ ತಂದದ್ದು. ಅವರು ಡಬ್ಬದ ಮುಚ್ಚಳ ಹಾಕಿ ಚೀಲದೊಳಗೆ ಇಟ್ಟುಕೊಂಡರು. ನನ್ನ ಗಂಡ ಬಿದಿರಿನ ಗಳದಿಂದ ತಿವಿದು ತಿವಿದು ಹೇಗೋ ನೀರು ಬಿಡಿಸಿದರು.

ಮಾರನೇ ವರ್ಷ ಹಾಗಾಗಬಾರದೆಂದು ಹಬ್ಬಕ್ಕೆ ವಾರವಿರುವಾಗಲೇ ಸೆರಗು ಸಿಕ್ಕಿಸಿಕೊಂಡು ನಿಂತೆ. ಗಂಡ ಶಿಫ್ಟಿಗೆ ಹೋದಮೇಲೆ ಚಪ್ಪಡಿ ಸರಿಸಿ, ತುದಿ ಬಗ್ಗಿಸಿದ ಕಂಬಿಯನ್ನು ಕೊಳವೆಯೊಳಗೆ ತೂರಿಸಿ ಎಳೆದೆ. ಏನು ಬರುತ್ತದೋ ಎಂಬ ಕುತೂಹಲದಲ್ಲಿ ನಾತವೂ ಮೂಗಿಗೆ ಹತ್ತಲಿಲ್ಲ. ಬಂದದ್ದು ತೆಂಗಿನ ನಾರಿನ ಒಂದು ದೊಡ್ಡ ಉಂಡೆ. ಅದರ ತುಂಬಾ ಹುಣಿಸೆಯ ನಾರು, ಕಲ್ಲಿನಷ್ಟು ಗಟ್ಟಿಯಾದ ಇಟ್ಟಿಗೆಪುಡಿ.

ಕುಳಿತಲ್ಲೇ ಕುಳಿತೆ. ಹೋದ ವರ್ಷ ನೀರು ತುಂಬುವ ಹಬ್ಬದ ದಿನ ತಾಮ್ರದ ಹಂಡೆಯನ್ನು ಹುಣಿಸೆಹಣ್ಣು, ಇಟ್ಟಿಗೆಪುಡಿ ಹಾಕಿ ತೆಂಗಿನ ನಾರಿನಲ್ಲಿ ಮುಖ ಕಾಣುವ ಹಾಗೆ ತಿಕ್ಕಿದವಳು ನಾನು. ತಿಕ್ಕಿದ್ದನ್ನೆಲ್ಲ ತೂಬಿಗೇ ತಳ್ಳಿದವಳೂ ನಾನೇ. ಕುಂಸಿಯಲ್ಲಿ ಹಾಗೆ ತಳ್ಳಿದ್ದೆಲ್ಲ ಕೆಸುವಿನ ಬುಡ ಸೇರುತ್ತಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನನ್ನು ಯಾರೂ ಏನೂ ಎನ್ನದಿದ್ದರೂ ಸುತ್ತ ನೋಡಿದೆ. ಉಂಡೆಯನ್ನು ಬಾಳೆಯ ಬುಡದಲ್ಲಿ ಹೂತೆ. ಯಾರಿಗೂ ಹೇಳಲಿಲ್ಲ.

ಆ ಸಲ ಹಂಡೆಯನ್ನು ಹಿತ್ತಲಿನಲ್ಲೇ ತಿಕ್ಕಿದೆ. ತೂಬಿನ ಬಾಯಿಗೆ ಹಿಟ್ಟಿನ ಹಳೆಯ ಜರಡಿ ಕೂರಿಸಿದೆ. ಶಿವಮೊಗ್ಗದವರೆಲ್ಲ ಮತ್ತೆ ಬಂದರು. ಒಬ್ಬೊಬ್ಬರ ಸ್ನಾನವಾದ ಮೇಲೂ ಜರಡಿ ಎತ್ತಿ, ಅದರಲ್ಲಿ ಏನಿದೆಯೆಂದು ನೋಡಿ, ಬಾಳೆಯ ಬುಡಕ್ಕೆ ಬಡಿಯುತ್ತಿದ್ದೆ. ಭಾವನ ಸ್ನಾನಕ್ಕೆ ಎಣ್ಣೆ ಕುಡಿದ ಕಡಲೆಹಿಟ್ಟು, ವಾರಗಿತ್ತಿಯದಕ್ಕೆ ಮಾರುದ್ದದ ಕೂದಲು, ಮಕ್ಕಳದಕ್ಕೆ ಒಂದು ಅಂಗಿಯ ಗುಂಡಿ, ಅರ್ಧ ಪಟಾಕಿ.

"ಏನೇ ಮಾರಾಯ್ತಿ, ಜರಡೀಲಿ ಭವಿಷ್ಯ ನೋಡ್ತಿದ್ದೀಯಾ?" ಎಂದು ವಾರಗಿತ್ತಿ ನಕ್ಕಳು.

ಕೊನೆಗೆ ಅತ್ತೆಯ ಸ್ನಾನವಾಯಿತು. ಜರಡಿ ಎತ್ತಿದೆ. ಅದರಲ್ಲಿ ಏನೂ ಇರಲಿಲ್ಲ. ಒಂದು ಚೂರು ಸೀಗೆಯಿಲ್ಲ, ಎಣ್ಣೆಯ ಜಿಡ್ಡಿಲ್ಲ.

"ಅತ್ತೆ, ತಲೆಗೆ ಹಾಕ್ಕೊಳ್ಲಿಲ್ವಾ?"

ಅವರು ಒದ್ದೆ ತುರುಬನ್ನು ಸೆರಗಿನಲ್ಲಿ ಮುಚ್ಚಿಕೊಂಡರು. "ಎರಡು ತಂಬಿಗೆ ನೀರು ಹುಯ್ಕೊಂಡೆ, ಸಾಕು ಬಿಡು. ಹೋದ ವರ್ಷ ನನ್ನಿಂದ ನಿಮಗೆಲ್ಲ ತೊಂದ್ರೆ ಆಯ್ತು. ಡಬ್ಬ ಊರಲ್ಲೇ ಬಿಟ್ಟು ಬಂದೆ."

ಹಬ್ಬದ ದಿನ ಎಣ್ಣೆಸ್ನಾನ ಬಿಟ್ಟವರಲ್ಲ ಅವರು. ಜ್ವರವಿದ್ದಾಗಲೂ ಬಿಟ್ಟಿರಲಿಲ್ಲ. ಜರಡಿ ಕೆಳಗಿಟ್ಟೆ. ಎಲ್ಲರ ಎದುರಿಗೆ ಆಡಿದ ಮಾತನ್ನು ಅವರ ಕಿವಿಯಲ್ಲಿ ಗುಟ್ಟಾಗಿ ಹಿಂತೆಗೆದುಕೊಳ್ಳುವ ಹಾಗಿರಲಿಲ್ಲ.

ನಡುಮನೆಗೆ ಹೋಗಿ ನಿಂತೆ. ಹೋಳಿಗೆಯ ಮುಂದೆ ಕುಳಿತವರೆಲ್ಲ ತಲೆಯೆತ್ತಿದರು. "ಹೋದ ವರ್ಷ ಬಚ್ಚಲು ಕಟ್ಟಿದ್ದು ಅತ್ತೆಯಿಂದ ಅಲ್ಲ, ನನ್ನಿಂದ" ಎಂದೆ. ನಾರು, ಹುಣಿಸೆ, ಬಾಳೆಯ ಬುಡ, ಎಲ್ಲ ಹೇಳಿದೆ. ಭಾವ ತಟ್ಟೆ ನೋಡಿದರು. ನನ್ನ ಗಂಡ ಕೆಮ್ಮಿದರು.

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ತುರುಬು ಬಿಚ್ಚುತ್ತ, "ಹಂಡೇಲಿ ಬಿಸಿನೀರು ಉಳಿದಿದೆಯಾ?" ಎಂದರು.

ಉಳಿದಿತ್ತು. ವಾರಗಿತ್ತಿಯ ಸೀಗೆಪುಡಿ ತಂದೆ. ಎಣ್ಣೆ ಹಚ್ಚಿ, ಅವರನ್ನು ಮಣೆಯ ಮೇಲೆ ಕೂರಿಸಿ, ನಾನೇ ತಲೆ ತಿಕ್ಕಿದೆ. ಅವರ ತಲೆಯನ್ನು ಮುಟ್ಟಿದ್ದು ಅದೇ ಮೊದಲು. ಕೂದಲು ನಾನು ಅಂದುಕೊಂಡದ್ದಕ್ಕಿಂತ ತೆಳ್ಳಗಿತ್ತು. ಸೀಗೆಯ ಕಂದುನೀರು ಬೆನ್ನಿನ ಮೇಲೆ ಹರಿದು ಮೂಲೆಗೆ ಹೋಯಿತು.

ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. "ನೀರು ಹೋಗ್ತಾ ಇದೆಯಾ ನೋಡೇ."

"ಹೋಗ್ತಾ ಇದೆ ಅತ್ತೆ" ಎಂದೆ. ನಾನು ಅವರ ತಲೆಯಿಂದ ಕಣ್ಣು ತೆಗೆದು ತೂಬಿನ ಕಡೆ ನೋಡಿರಲಿಲ್ಲ.