ಮೂಗಿನಿಂದ ಬಲೂನು ಊದಿಸುವ ಡಾಕ್ಟ್ರಮ್ಮ

ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಮಾಡಿದ ಘನಕಾರ್ಯ ಇದು. ಮಕ್ಕಳ ಕಿವಿ ನೋಡುವ ಆ ಕ್ಲಿನಿಕ್ಕಿನ ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಇಣುಕಿದರೆ ಒಬ್ಬ ಅಜ್ಜ, ಒಬ್ಬ ತಾಯಿ, ಅವಳ ತೊಡೆಯ ಮೇಲೊಂದು ಮಗು. ಮೂವರ ಮುಖದ ಮುಂದೆಯೂ ಬಲೂನು. ಹೊಸಬರು ಎಲ್ಲರ ಸಂತೋಷದಲ್ಲಿ ಪಾಲ್ಗೊಳ್ಳಬೇಕು ಎಂದು ಎಲ್ಲೋ ಓದಿದ್ದೆ. ಒಳಗೆ ನುಗ್ಗಿ "ಹ್ಯಾಪಿ ಬರ್ತ್‌ಡೇ!" ಎಂದು ಚಪ್ಪಾಳೆ ತಟ್ಟಿದೆ. ಸಾಲದ್ದಕ್ಕೆ ಹಾಡನ್ನೂ ಎತ್ತಿಕೊಂಡೆ. ಯಾರೂ ದನಿಗೂಡಿಸಲಿಲ್ಲ. ಆಮೇಲೆ ಕಣ್ಣಿಗೆ ಬಿತ್ತು, ಮೂವರೂ ಬಲೂನು ಊದುತ್ತಿದ್ದದ್ದು ಮೂಗಿನಿಂದ! ಅಜ್ಜನಿಗೆ ನಗು ತಡೆಯಲಾಗದೆ ಅವರ ಬಲೂನು ಕಳಚಿಕೊಂಡು, ಪುರ್‌ರ್ ಎಂದು ಹಾರಿ ಬಂದು ನನ್ನ ಎದೆಗೆ ಬಡಿಯಿತು.

"ಯಾರದಪ್ಪ ಹುಟ್ಟಿದ ಹಬ್ಬ? ನಿಂದಾ?" ಎಂದರು ಮೂಲೆಯ ಮೇಜಿನಲ್ಲಿ ಬರೆಯುತ್ತಿದ್ದ ಡಾಕ್ಟ್ರಮ್ಮ, ತಲೆಯನ್ನೂ ಎತ್ತದೆ. "ಹಾಗಾದ್ರೆ ಬಾ, ನೀನೂ ಒಂದು ಊದು."

ಹೊಸ ಬಲೂನು ಕೊಟ್ಟರು. ಅದರ ಬಾಯಿಗೆ ಮೂಗಿನ ಹೊಳ್ಳೆಗೆ ಕೂರುವಂಥ ದುಂಡನೆಯ ತುದಿ. ಒಂದು ಹೊಳ್ಳೆ ಒತ್ತಿಹಿಡಿದು ಇನ್ನೊಂದರಿಂದ ಊದಿದೆ. ಒಂದೇ ಉಸಿರಿಗೆ ಕಿತ್ತಳೆ ಗಾತ್ರ ಬಂತು. ಸಂದರ್ಶನದಲ್ಲಿ ನನ್ನ ಅಂಕಪಟ್ಟಿಯ ಕಡೆ ಕಣ್ಣೂ ಹಾಯಿಸದಿದ್ದವರು ಈಗ ನನ್ನ ಗಲ್ಲ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ, "ಆಹಾ, ಚಿನ್ನದಂಥ ಮೂಗು!" ಎಂದರು. ಚೀಟಿ ಕೊಡುವ, ಫೋನ್ ಎತ್ತುವ ಗುಮಾಸ್ತ ನಾನು, ಅಂದಿನಿಂದ ಆ ಕ್ಲಿನಿಕ್ಕಿನ ಅಧಿಕೃತ ಮೂಗೂ ಆದೆ. ಮನೆಯವರಿಗೆ ಹೇಳಿರುವ ಪ್ರಕಾರ ಮಾತ್ರ ಇವತ್ತಿಗೂ ನಾನು "ಆಡಳಿತ ವಿಭಾಗ"ದಲ್ಲಿದ್ದೇನೆ.

ಮಕ್ಕಳಿಗೆ ಊದಿ ತೋರಿಸಲು ಇನ್ನೊಬ್ಬರ ಮೂಗು ಡಾಕ್ಟ್ರಮ್ಮನಿಗೆ ಏಕೆ ಬೇಕಿತ್ತೆಂದರೆ ಅವರದು ಊದುವುದಿಲ್ಲ. ಕಾಲೇಜಿಗೆ ಹೋಗುವಾಗ ಸೈಕಲ್ಲಿನಿಂದ ಬಿದ್ದು ಮೂಗಿನ ನಡುಗೋಡೆ ಸೊಟ್ಟಗಾಗಿದೆ. ಎಷ್ಟು ತಿಣುಕಿದರೂ ಬಲೂನು ಮಿಸುಕುವುದಿಲ್ಲ.

"ಸಣ್ಣ ಆಪರೇಷನ್ ಅಲ್ವಾ ಮೇಡಂ, ಮಾಡಿಸ್ಕೊಳ್ಳಿ" ಎಂದೆ ಒಮ್ಮೆ.

"ಭಯ ಕಣೋ. ಚಾಕು ಹಿಡಿಯೋದು ಬೇರೆ, ಅದರ ಕೆಳಗೆ ಮಲಗೋದು ಬೇರೆ."

ಐವತ್ತು ದಾಟಿದ ಗಿಡ್ಡ ಹೆಂಗಸು. ಮಕ್ಕಳ ಎತ್ತರಕ್ಕೆ ಬರಲೆಂದು ಚಕ್ರದ ಸ್ಟೂಲಿನ ಮೇಲೆ ಕೂತು ಕೋಣೆಯೆಲ್ಲ ಜಾರಿಕೊಂಡೇ ಓಡಾಡುತ್ತಾರೆ. ದಿನಕ್ಕೊಮ್ಮೆಯಾದರೂ ಮೇಜಿಗೆ ಮೊಣಕಾಲು ಬಡಿಸಿಕೊಂಡು ಮೇಜನ್ನೇ ಬೈಯುತ್ತಾರೆ. ಬಾಯಿ ಒರಟು, ಕೈ ಮಾತ್ರ ಬೆಣ್ಣೆ. ಕಿವಿಯೊಳಗೆ ನೋಡುವ ದೀಪದ ತುದಿ ತಣ್ಣಗಿದ್ದರೆ ಮಗು ಬೆಚ್ಚುತ್ತದೆಂದು ಮೊದಲು ಅದನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ.

ಒಂದು ದಿನ ಬಸ್ ಡ್ರೈವರ್ ಒಬ್ಬರು ಆರು ವರ್ಷದ ಮಗಳನ್ನು ಕರೆತಂದರು. ಕರೆತಂದರು ಎನ್ನುವುದಕ್ಕಿಂತ ಎಳೆತಂದರು ಎನ್ನಬೇಕು. ಬಾಗಿಲಲ್ಲೇ ಶುರು ಮಾಡಿದರು.

"ಇವಳ ಕಿವಿಗೇನೂ ಆಗಿಲ್ಲ ಮೇಡಂ. ಟೀಚರ್ ಕಾಟಕ್ಕೆ ಬಂದೆ. ಇದು ಬರೀ ಹಠ. ಹತ್ತು ಸಲ ಕೂಗಿದ್ರೂ ತಿರುಗಲ್ಲ. ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ್ರೆ ಮಾತ್ರ ಎಲ್ಲಿದ್ರೂ ಹಾಜರು! ರಜೆ ಮುಗಿದು ಶಾಲೆ ಶುರುವಾಗೋದ್ರೊಳಗೆ ನಮ್ಮಕ್ಕನ ಮನೇಲಿ ಬಿಟ್ಟುಬಿಡ್ತೀನಿ. ಅವಳು ಸರಿದಾರಿಗೆ ತರ್ತಾಳೆ."

ಹುಡುಗಿ ಅಪ್ಪನ ತುಟಿಗಳನ್ನೇ ನೋಡುತ್ತಿದ್ದಳು.

ಡಾಕ್ಟ್ರಮ್ಮ ಅವಳ ಕೈಗೆ ಬಣ್ಣದ ಮರದ ತುಂಡುಗಳನ್ನು ಕೊಟ್ಟು ಆಟಕ್ಕೆ ಹಚ್ಚಿದರು. ಮೆಲ್ಲಗೆ ಅವಳ ಬೆನ್ನ ಹಿಂದಕ್ಕೆ ಜಾರಿದರು. ನನ್ನ ಡಬ್ಬಿಯಿಂದ ಬಿಸ್ಕತ್ತಿನ ಪೊಟ್ಟಣ ತರಿಸಿ ಪರಪರ ಬಿಚ್ಚಿದರು. ಹುಡುಗಿ ತುಂಡಿನ ಮೇಲೆ ತುಂಡು ಇಡುತ್ತಲೇ ಇದ್ದಳು. ಅವಳ ತಲೆಯ ಹಿಂದೆಯೇ ಬಿಸ್ಕತ್ತು ಕಡಿದು, "ಪುಟ್ಟಿ, ನಿಂಗೂ ಬೇಕಾ?" ಎಂದರು. ಉಹುಂ.

"ಮನೇಲಿ ಅವಳು ಪೊಟ್ಟಣ ನೋಡಿ ಬರ್ತಿದ್ಲು, ಡ್ರೈವರ್ ಸಾಹೇಬ್ರೇ" ಎಂದರು.

"ಹಾರ್ನ್ ಹೊಡೆದ್ರೆ ಓಡಿ ಬರ್ತಾಳಲ್ಲ?"

"ನಿಮ್ಮ ಹಾರ್ನಿಗೆ ಸತ್ತೋರೂ ಎದ್ದು ಬರ್ತಾರೆ!"

ಆಮೇಲೆ ಕಿವಿ ಪರೀಕ್ಷಿಸುವ ಯಂತ್ರದ ಮೆತ್ತನೆ ಬಿರಡೆಯನ್ನು ಹುಡುಗಿಯ ಕಿವಿಗಿಟ್ಟರು. ಅದು ಸ್ವಲ್ಪ ಗಾಳಿ ಒತ್ತಿ, ಕಿವಿಯ ತಮಟೆ ಅಲುಗುತ್ತದೋ ಇಲ್ಲವೋ ಎಂದು ಪರದೆಯ ಮೇಲೆ ಗೆರೆ ಎಳೆಯುತ್ತದೆ. ಅಲುಗಿದರೆ ಗೆರೆ ಗುಡ್ಡದಂತೆ ಏಳುತ್ತದೆ. ಇವಳದು ಎರಡೂ ಕಿವಿಯಲ್ಲಿ ಚಪ್ಪಟೆ ಬಯಲು.

"ತಮಟೆಯ ಹಿಂದೆ ಒಂದು ಪುಟ್ಟ ಕೋಣೆ ಇದೆ" ಎಂದು ಡಾಕ್ಟ್ರಮ್ಮ ಬಿಡಿಸಿ ಹೇಳಿದರು. "ಅದಕ್ಕೆ ಗಾಳಿ ಬರೋದು ಮೂಗಿನ ಹಿಂದಿರೋ ಸಣ್ಣ ನಾಳದಿಂದ. ನೆಗಡಿಯಾದ್ರೆ ಮಕ್ಕಳಲ್ಲಿ ಅದು ಮುಚ್ಚಿಕೊಳ್ಳುತ್ತೆ. ಒಳಗೆ ನೀರು ನಿಂತು ಗೋಂದಾಗುತ್ತೆ. ಗೋಂದು ಮೆತ್ತಿದ ತಮಟೆ ಬಡಿದ್ರೆ ಸದ್ದು ಬರುತ್ತಾ? ನೋವಿಲ್ಲ, ಜ್ವರ ಇಲ್ಲ, ಹಾಗಾಗಿ ಮನೆಯೋರಿಗೆ ಗೊತ್ತೇ ಆಗಲ್ಲ. ಮೂರು ತಿಂಗಳು ಬಲೂನು ಊದ್ಲಿ, ಕಾಯೋಣ. ಅಷ್ಟಕ್ಕೂ ಗೋಂದು ಹೋಗ್ಲಿಲ್ಲ ಅಂದ್ರೆ ಆಪರೇಷನ್ ಮಾಡಿ ತಮಟೇಲಿ ಒಂದು ಚಿಕ್ಕ ಕೊಳವೆ ಇಡ್ತೀನಿ. ಕಿವಿ ಸರಿಯಾದ ಮೇಲೂ ಮಾತು ಕೇಳದಿದ್ರೆ ಆಗ ನಿಮ್ಮಕ್ಕನ ಮನೆ."

ಡ್ರೈವರ್ ಮುಖ ಸಣ್ಣದಾಯಿತು. ಅಕ್ಕನ ಹೆಸರು ಮತ್ತೆ ಬಾಯಿಗೆ ಬರಲಿಲ್ಲ. "ಆಪರೇಷನ್ನಾ?" ಎಂದು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

"ಎಲ್ಲಿ ನಮ್ಮ ಮೂಗು? ಕರೀರಿ!"

ಹಾಜರಾದೆ. ಹುಡುಗಿ ಬಲೂನು ಮುಟ್ಟಲೊಲ್ಲಳು. ನಾನು ಕಣ್ಣು ಹೊರಳಿಸಿ, ಕೆನ್ನೆ ಕೆಂಪಗೆ ಮಾಡಿಕೊಂಡು ಊದಿದೆ. ನನ್ನ ಪ್ರತಿಭೆಗೆ ನಾನೇ ಮರುಳಾಗಿ ಇನ್ನೂ ಊದಿದೆ. ಬಲೂನು ಢಬ್ ಎಂದು ಒಡೆದು ನಾನು ಕುರ್ಚಿಸಮೇತ ಹಿಂದಕ್ಕೆ ಉರುಳಿದೆ. ಹುಡುಗಿ ನಕ್ಕ ನಗುವಿಗೆ ಹೊರಗೆ ಅಳುತ್ತಿದ್ದ ಕೂಸೊಂದು ಸುಮ್ಮನಾಯಿತು. "ಮೂಗಣ್ಣ, ಇನ್ನೊಂದ್ಸಲ!" ಎಂದಳು. ಆ ಹೆಸರು ನನಗೆ ಕಾಯಂ ಆಯಿತು.

ಅಪ್ಪನೂ ಕಲಿತರು. ಹಗಲೆಲ್ಲ ಬಸ್ಸು, ಸಂಜೆ ಬಲೂನು. ಎರಡನೇ ತಿಂಗಳಿಗೆ ಒಂದು ಕಿವಿಯಲ್ಲಿ ಸಣ್ಣ ದಿಬ್ಬ ಎದ್ದಿತು. ಡ್ರೈವರ್ ನನ್ನನ್ನು ಅಪ್ಪಿಕೊಂಡರು. ಅಷ್ಟರಲ್ಲಿ ಹುಡುಗಿಗೆ ನೆಗಡಿಯಾಗಿ ದಿಬ್ಬ ಮತ್ತೆ ಬಯಲಾಯಿತು. ಡಾಕ್ಟ್ರಮ್ಮ ಆಪರೇಷನ್ನಿಗೆ ದಿನ ಗೊತ್ತು ಮಾಡಿಯೇಬಿಟ್ಟರು.

"ಅದೇನು ಯುದ್ಧ ಅಲ್ಲ, ಅಳಬೇಡಿ. ಅದರ ಹಿಂದಿನ ದಿನ ಕೊನೇ ಸಲ ನೋಡ್ತೀನಿ. ನೆಗಡಿ ಬಿಟ್ಟ ಮೇಲೆ ಊದೋದು ಮುಂದುವರೀಲಿ."

ಆ ಕೊನೆಯ ಪರೀಕ್ಷೆಗೆ ನನ್ನ ಫೋನುಗಳನ್ನು ಹೊಡೆದುಕೊಳ್ಳಲು ಬಿಟ್ಟು ನಾನೂ ಪರದೆಯ ಮುಂದೆ ನಿಂತಿದ್ದೆ. ಗೆರೆ ಮೆಲ್ಲಗೆ ಹೊರಟಿತು, ಏರಿತು, ಇನ್ನೂ ಏರಿತು, ಇಳಿಯಿತು. ಬಲಗಿವಿಯಲ್ಲಿ ಗುಡ್ಡ! ಎಡಗಿವಿಯಲ್ಲೂ ಗುಡ್ಡ, ಕೊಂಚ ಗಿಡ್ಡ, ಡಾಕ್ಟ್ರಮ್ಮನ ಹಾಗೆ.

ಡಾಕ್ಟ್ರಮ್ಮ ಹುಡುಗಿಯ ಹಿಂದೆ ಜಾರಿ, ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು: "ಮೂಗಣ್ಣ ಚೆಂದ ಇದ್ದಾನಾ?"

"ಇಲ್ಲ. ಮೂಗು ದೊಡ್ಡದು" ಎಂದಳು ಹುಡುಗಿ, ತಿರುಗದೆಯೇ.

ಇಂಥ ಅವಮಾನಕ್ಕೆ ನಾನು ಯಾವತ್ತೂ ಇಷ್ಟು ಕುಣಿದಿಲ್ಲ. ಎದೆಯುಬ್ಬಿಸಿ, "ನೋಡಿದ್ರಾ ಮೇಡಂ, ನಮ್ಮ ಬಲೂನಿನ ಮಹಿಮೆ!" ಎಂದೆ.

"ಎಷ್ಟೋ ಮಕ್ಕಳಿಗೆ ಗೋಂದು ತಾನಾಗೇ ಹೋಗುತ್ತೆ ಕಣೋ. ಇವಳಿಗೆ ಯಾವುದರಿಂದ ಹೋಯ್ತೋ ನನಗೆ ಗೊತ್ತಿಲ್ಲ. ಹೋಗು, ಫೋನ್ ಎತ್ತು."

ನಾನು ಬಾಗಿಲ ತನಕ ಹೋಗಿದ್ದೆ. ಡ್ರೈವರ್ ಮಾತ್ರ ಎದ್ದಿರಲಿಲ್ಲ. ಕೈಯಲ್ಲಿದ್ದ ಖಾಲಿ ಬಲೂನನ್ನು ಎಳೆಯುತ್ತ, ಬಿಡುತ್ತ ಕೂತಿದ್ದರು. ಬಸ್ಸಿನಷ್ಟೇ ಸದ್ದು ಮಾಡುವ ಆ ಮನುಷ್ಯನ ದನಿ ಈಗ ನೆಲಕ್ಕಿಳಿದಿತ್ತು.

"ಮೇಡಂ, ಒಂದು ವರ್ಷ ಇವಳನ್ನ ಬೈದಿದೀನಿ. ಮೂಲೇಲಿ ನಿಲ್ಲಿಸಿದೀನಿ. ಕಿವಿ ಹಿಂಡಿದೀನಿ, ಇದೇ ಕಿವಿ. ಚಿಕ್ಕ ಮಗು... ಮರೆತುಬಿಡುತ್ತೆ, ಅಲ್ವಾ?"

"ಮರೆಯಲ್ಲ" ಎಂದರು ಡಾಕ್ಟ್ರಮ್ಮ. "ತಪ್ಪಾಯ್ತು ಅಂತ ಹೇಳಿ. ಮೆಲ್ಲಗೆ ಹೇಳಿದ್ರೂ ಸಾಕು, ಈಗ ಅವಳಿಗೆ ಕೇಳಿಸುತ್ತೆ."