ಮನೆಗಿಂತ ಮೊದಲು ಬಚ್ಚಲು

ನನ್ನ ಮೊದಲ ಮೊಮ್ಮಗಳ ಸುದ್ದಿ ಹೇಳಬೇಕಾದರೆ ನಾನು ಬಚ್ಚಲಿನಿಂದಲೇ ಶುರುಮಾಡಬೇಕು. ನಗಬೇಡಿ. ಅಜೆಕಾರಿನ ನಮ್ಮ ಜಾಗದಲ್ಲಿ ಹಂಚಿನ ಮನೆ ಕಟ್ಟಲು ಹೊರಟಾಗ ಮೊದಲು ಎದ್ದು ನಿಂತದ್ದು ಬಚ್ಚಲುಕೋಣೆ. ಸುತ್ತಲೂ ಪಾಯದ ಗುಂಡಿ, ಕೆಂಪುಕಲ್ಲಿನ ರಾಶಿ. ನಡುವೆ ಅದೊಂದೇ, ದಿಬ್ಬಣ ಬಾರದ ಚಪ್ಪರದಲ್ಲಿ ಒಬ್ಬಳೇ ಕೂತ ಮದುಮಗಳ ಹಾಗೆ.

ಹಟ ನನ್ನದು. ಕಾಪುವಿಗೆ ಕೊಟ್ಟ ಮಗಳು ಬಯಕೆಯ ಶಾಸ್ತ್ರ ಮುಗಿಸಿ ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಳು. ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಎರೆಯಬೇಕು. ನಾವಿದ್ದ ಹುಲ್ಲುಮನೆಯಲ್ಲಿ ಮೀಯುವ ಜಾಗವೆಂದರೆ ಒಂದು ಕಲ್ಲು, ಸುತ್ತ ತೆಂಗಿನ ಮಡಲಿನ ತಟ್ಟಿ. ಗಾಳಿ ಬಂದರೆ ತಟ್ಟಿಯೇ ಮೊದಲು ಓಡುತ್ತಿತ್ತು.

ನಮ್ಮ ಮನೆಯವರಿಗೆ ಜಗಲಿಯ ಮೇಲೆ ಕಣ್ಣು. ದಾರಿಹೋಕರನ್ನೆಲ್ಲ ಕರೆದು ಕೂರಿಸಿ ವೀಳ್ಯ ಕೊಡುವ ಆಸೆ.

"ಮನೆಗಿಂತ ಮೊದಲು ಬಚ್ಚಲು ಕಟ್ಟಿದವರು ಎಲ್ಲಿಯಾದರೂ ಉಂಟಾ ಮಾರಾಯ್ತಿ? ಊರು ನಗುವುದಿಲ್ವಾ?"

"ನಗಲಿ. ನಿಮ್ಮ ಮಗಳನ್ನು ಜಗಲಿಯಲ್ಲಿ ಕೂರಿಸಿ ಮೀಯಿಸುವುದಾ?"

ಅವರು ಬಾಯಿ ಮುಚ್ಚಿದರು. ಊರು ಮುಚ್ಚಲಿಲ್ಲ. "ಮನೆ ಚಂದ ಉಂಟು, ಮನೆಒಕ್ಕಲಿಗೆ ಬರುವಾಗ ಮೈ ಒರೆಸಲು ಬೈರಾಸು ತರಬೇಕಾ?" ಎಂದು ದಾರಿಯಲ್ಲಿ ಹೋಗುವವರೆಲ್ಲ ಕೇಳುವವರೇ.

ಮೇಸ್ತ್ರಿ ಬಚ್ಚಲಿಗೆ ಸಿಮೆಂಟಿನ ನೆಲ ಹಾಕಿ ಸಂಜೆ ಹೊರಟುಹೋದ. ನೆಲ ಗಟ್ಟಿಯಾದ ಮೇಲೆ ನಾನೇ ಒಂದು ಕೊಡಪಾನ ನೀರು ಹೊಯ್ದು ನೋಡಿದೆ. ನೀರು ಹೊರಗೆ ತೋಡಿದ ಕಣಿಗೆ ಹರಿದು ಹೋಗಲೇ ಇಲ್ಲ; ನನ್ನ ಪಾದ ಮುಳುಗಿಸಿ ಹಾಯಾಗಿ ನಿಂತಿತು. ಮಗಳಿಗೆ ದಿನ ತುಂಬುತ್ತಾ ಬಂದಿದೆ, ಹಸಿ ಬಾಣಂತಿಯನ್ನು ಈ ಕೆರೆಯಲ್ಲಿ ಹೇಗೆ ಕೂರಿಸಲಿ! ಮೇಸ್ತ್ರಿಯನ್ನು ಕರೆಸಿದೆ.

"ನಾನು ಇಳಿಜಾರು ಕೊಟ್ಟೇ ಹೋದದ್ದು ಅಮ್ಮ, ದೇವರಾಣೆ!"

ನಮ್ಮ ಮನೆಯವರು ತಲೆ ಎತ್ತಿ ಬಚ್ಚಲಿನ ಹಂಚು ನೋಡತೊಡಗಿದರು.

"ಎಂತ ಮಾಡಿದ್ರಿ ನೀವು?"

"ಅದು ಒಂದು ಕಡೆ ವಾಲಿತ್ತು... ಹಸಿ ಇರುವಾಗಲೇ ಸ್ವಲ್ಪ ಹಲಗೆ ಎಳೆದೆ."

ಗದ್ದೆ ಸಮ ಮಾಡುವ ಹಲಗೆ! ಜನ್ಮವಿಡೀ ಗದ್ದೆಯಲ್ಲಿ ನೀರು ನಿಲ್ಲಿಸಿದ ಕೈ, ವಾಲಿದ ನೆಲವನ್ನು ನೋಡಿ ಸುಮ್ಮನಿರುವುದುಂಟೇ?

"ಹಾಗಾದರೆ ಇಲ್ಲೇ ಭತ್ತದ ನೇಜಿ ನೆಡುವ ಅಲ್ವಾ ಧನಿಗಳೇ?" ಎಂದ ಮೇಸ್ತ್ರಿ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಹೆದರಿಕೆ, ನಗುವಿಗೇ ಎಲ್ಲಿ ನೋವು ಶುರುವಾಗುತ್ತದೋ ಎಂದು. "ನೆಲ ಒಣಗುವವರೆಗೆ ತಡಿ ಮಗಾ," ಎಂದು ಅವಳ ಹೊಟ್ಟೆಗೇ ಹೇಳಿದೆ.

ಮೇಸ್ತ್ರಿ ನೆಲ ಒಡೆದು ಮತ್ತೆ ಹಾಕಿದ. ಅದು ಒಣಗುವವರೆಗೆ ನಮ್ಮ ಮನೆಯವರನ್ನು ಅಂಗಳದಾಚೆಯ ಹಲಸಿನ ಮರದಿಂದ ಈಚೆಗೆ ಬರಲು ನಾನು ಬಿಡಲಿಲ್ಲ. ಕೂಸು ನನ್ನ ಮಾತು ಕೇಳಿತು. ನೆಲ ಒಣಗಿದ ಮೇಲೆಯೇ ಬಂದಳು ನನ್ನ ಬಂಗಾರ!

ಕೂಸಿನ ಮೊದಲ ಸ್ನಾನಕ್ಕೆ ಹೊಸ ಬಚ್ಚಲಲ್ಲಿ ಕಾಲು ನೀಡಿ, ಅವಳನ್ನು ಮೇಲೆ ಮಲಗಿಸಿ, ಚೆಂಬಿನಲ್ಲಿ ನೀರು ಎತ್ತಿಕೊಂಡೆ. ಈಗ ಅಜ್ಜನಾದ ನಮ್ಮ ಮನೆಯವರು ಹೊರಗೆ ಕಣಿಯ ಬಾಯಲ್ಲಿ ಕುಕ್ಕರುಗಾಲಲ್ಲಿ ಕಾಯುತ್ತಿದ್ದರು.

"ಹೊಯ್ಯಿ, ನಾನಿಲ್ಲಿ ಇದ್ದೇನೆ!"

ಹೊಯ್ದೆ. ಉಸಿರು ಹಿಡಿದೆ.

"ಬಂತು ಮಾರಾಯ್ತಿ, ಬಂತು!" ನೀರಿನ ಜತೆಗೇ ಓಡಿದರು. "ಬಸಳೆಯ ಬುಡಕ್ಕೆ ಮುಟ್ಟಿತು!" ಒಳಗೆ ಕೂಸಿನ ಅಳು, ಮಗಳ ನಗು, ನನ್ನದು ಎರಡೂ.

ಮನೆಯ ಗೋಡೆ, ಮಾಡು, ಬಾಗಿಲು ಎಲ್ಲ ಆಮೇಲೆ ಬಂದವು. ಕೊನೆಗೆ ಜಗಲಿಗೆ ಕೆಂಪು ನೆಲ ಹಾಕುವ ದಿನ ಮೊಮ್ಮಗಳನ್ನು ಸೊಂಟದಲ್ಲಿಟ್ಟುಕೊಂಡು ಮೇಸ್ತ್ರಿಗೆ ನಮ್ಮ ಮನೆಯವರೇ ಹೇಳಿದರು:

"ಸ್ವಲ್ಪ ವಾಲಿಸಿಯೇ ಮಾಡು ಮಾರಾಯ. ನನ್ನ ಈ ಪುಳ್ಳಿ ಉಚ್ಚೆ ಹೊಯ್ದರೆ ಹರಿದು ಹೋಗಬೇಕಲ್ವಾ?"