ಮೇಲಿನ ಮನೆ ಆಂಟಿಯ ಕರಿಬೇವಿನ ಮದ್ದು

ಹೋದ ವಾರ ಆಫೀಸಿನಲ್ಲಿ ಜೊತೆಯ ಹುಡುಗಿಯೊಬ್ಬಳು ಊರಿನಿಂದ ತಂದ ತಲೆ ಎಣ್ಣೆಯ ಬಾಟಲಿಯನ್ನು ನನಗೆ ಕೊಟ್ಟಳು. ಅವಳ ಅಮ್ಮ ಕೊಬ್ಬರಿ ಎಣ್ಣೆಗೆ ಕರಿಬೇವು ಹಾಕಿ, ಎಲೆ ಕಪ್ಪಾಗುವವರೆಗೆ ಕಾಯಿಸಿ, ಸೋಸಿದ್ದರಂತೆ. ಮುಚ್ಚಳ ತೆಗೆದೆ. ಬೇರೆಯವರಿಗೆ ಆ ವಾಸನೆಯಿಂದ ಅಮ್ಮ ನೆನಪಾಗಬಹುದು, ಊರು ನೆನಪಾಗಬಹುದು. ನನಗೆ ಸಿಟ್ಟು ಬಂತು. ಮುಚ್ಚಳ ಬಿಗಿದು, ಥ್ಯಾಂಕ್ಸ್ ಹೇಳಿ, ಬೇಕೆಂದೇ ಬಾಟಲಿಯನ್ನು ಮೇಜಿನ ಮೇಲೆ ಬಿಟ್ಟು ಮನೆಗೆ ಬಂದೆ.

ಅದು ನಮ್ಮ ಮೇಲಿನ ಮನೆ ಆಂಟಿಯ ವಾಸನೆ.

ಜರ್ಮನಿಯ ಸಿಂಡೆಲ್‌ಫಿಂಗೆನ್‌ನ ಈ ಕಟ್ಟಡದಲ್ಲಿ ನಮ್ಮದು ಎರಡನೇ ಮಹಡಿ, ಅವರದು ಮೂರನೆಯದು. ಮೈಸೂರಿನವರು, ಅರವತ್ತು ದಾಟಿದವರು. ಗಂಡ ತೀರಿಕೊಂಡ ಮೇಲೆ ಮಗಳು ವೀಸಾ ಆಫೀಸಿಗೆ ಅಲೆದೂ ಅಲೆದೂ ಅಮ್ಮನನ್ನು ಇಲ್ಲಿಗೆ ಕರೆಸಿಕೊಂಡಿದ್ದಳು. ಅಡುಗೆಮನೆಯ ಕಿಟಕಿಯಲ್ಲಿ, ಹೀಟರಿನ ಪಕ್ಕ, ಮೂರು ಕುಂಡಗಳಲ್ಲಿ ಆಂಟಿ ಕರಿಬೇವು ಬೆಳೆಸಿದ್ದರು. ಚಳಿಗಾಲದಲ್ಲಿ ಆ ಗಿಡಗಳಿಗೆಂದೇ ನೇರಳೆ ಬಣ್ಣದ ದೀಪ ಹಚ್ಚಿಡುತ್ತಿದ್ದರು. ನಾವೆಲ್ಲ ಏಷ್ಯನ್ ಅಂಗಡಿಗೆ ಸೊಪ್ಪು ಬರುವ ದಿನ ಕಾದು, ತಂದು, ಫ್ರೀಜರಿನಲ್ಲಿಟ್ಟು ಕಪ್ಪು ಮಾಡಿಕೊಳ್ಳುತ್ತಿದ್ದೆವು. ಅವರಲ್ಲಿ ಮಾತ್ರ ಯಾವಾಗಲೂ ಹಸಿ ಎಲೆ.

ಒಗ್ಗರಣೆಗೆ ಎರಡು ಎಸಳು ಕೇಳಿದರೆ ಸುಮ್ಮನೆ ಕೊಡುವವರಲ್ಲ. "ಯಾರಿಗೇನಾಗಿದೆ?" ಎಂದು ಮೊದಲು ಕೇಳುತ್ತಿದ್ದರು. ಯಾರಿಗೂ ಏನೂ ಆಗಿಲ್ಲವೆಂದರೆ ಅವರ ಮುಖ ಸ್ವಲ್ಪ ಸಪ್ಪಗಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಹೊಟ್ಟೆ ಕೆಟ್ಟರೆ ಎಲೆ, ಶುಂಠಿ, ಉಪ್ಪು ಅರೆದು ಮಜ್ಜಿಗೆಗೆ ಹಾಕು. ವಾಕರಿಕೆ ಬಂದರೆ ಎಲೆಯ ರಸಕ್ಕೆ ನಿಂಬೆಹಣ್ಣು, ಜೇನುತುಪ್ಪ. ರಕ್ತ ಕಡಿಮೆ ಅಂದರೆ ನೆರಳಲ್ಲಿ ಒಣಗಿಸಿದ ಎಲೆಯ ಪುಡಿ, ಜೊತೆಗೆ ಖರ್ಜೂರ. ಕೂದಲಿಗೆ ಆ ಎಣ್ಣೆ. ಮಗಳು ಹುಟ್ಟಿದ ಮೇಲೆ ನನ್ನ ಕೂದಲು ಹಿಡಿ ಹಿಡಿಯಾಗಿ ಉದುರುತ್ತಿದ್ದಾಗ ಅವರೇ ಕೆಳಗಿಳಿದು ಬಂದು, ನನ್ನನ್ನು ನೆಲದ ಮೇಲೆ ಕೂರಿಸಿಕೊಂಡು, ನೆತ್ತಿಗೆ ಎಣ್ಣೆ ತಟ್ಟಿದರು. ಆಮೇಲೆ ಉದುರುವುದು ನಿಂತಿತು. ತಾನಾಗಿಯೇ ನಿಲ್ಲುತ್ತಿತ್ತೋ ಏನೋ... ಆದರೆ ಆ ದಿನದಿಂದ ಅವರ ಮಾತು ನನಗೆ ವೇದವಾಯಿತು.

ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಎಂದು ತಿಳಿದಾಗ ಅವನಿಗೆ ನಲವತ್ತು ತುಂಬಿರಲಿಲ್ಲ. ಡಾಕ್ಟರ್ ಮಾತ್ರೆ ಬರೆದುಕೊಟ್ಟು, ಮೂರು ತಿಂಗಳಿಗೆ ರಕ್ತಪರೀಕ್ಷೆಗೆ ಬರಲು ಟೆರ್ಮಿನ್, ಅಂದರೆ ದಿನ ಮತ್ತು ಸಮಯ, ಕೊಟ್ಟರು. ಮಾತ್ರೆ ತಿಂದರೆ ಅವನಿಗೆ ಹೊಟ್ಟೆ ತೊಳಸುತ್ತಿತ್ತು. ನಾನು ಹತ್ತಿದ್ದು ಮೇಲಿನ ಮನೆಯ ಮೆಟ್ಟಿಲು.

"ಈ ವಯಸ್ಸಿಗೇ ಮಾತ್ರೆ ಶುರು ಮಾಡಿದ್ರೆ ಸಾಯೋವರ್ಗೂ ಬಿಡಲ್ಲ ಕಣಮ್ಮ," ಎಂದರು ಆಂಟಿ. "ಬೆಳಿಗ್ಗೆ ಬರೀ ಹೊಟ್ಟೇಲಿ ಹತ್ತು ಎಳೇ ಎಲೆ ಅಗಿಯಕ್ಕೆ ಹೇಳು. ನಮ್ಮನೆಯವ್ರಿಗೆ ಇದರಲ್ಲೇ ನಾನು ಶುಗರ್ ಇಳ್ಸಿದ್ದೆ."

ನಮ್ಮನೆಯವರಿಗೆ ಇಳಿಸಿದ್ದೆ. ಈ ಒಂದು ಮಾತು ನನಗೆ ಸಾಕಾಯಿತು. ಮಾತ್ರೆಯ ಡಬ್ಬಿಯನ್ನು ನಾನೇ ಬೀರುವಿನ ಮೇಲಿನ ಖಾನೆಗೆ ಎತ್ತಿಟ್ಟೆ. ದಿನಾ ಬೆಳಿಗ್ಗೆ ಎಲೆ ತೊಳೆದು ತಟ್ಟೆಯಲ್ಲಿ ಇಟ್ಟೆ. ಅವನು ಮುಖ ಸಿಂಡರಿಸಿಕೊಂಡು ಅಗಿದ. ಅನ್ನ ಕಡಿಮೆ ಮಾಡಿದ, ಸಂಜೆ ನಡೆಯತೊಡಗಿದ. ಮೊದಲ ತಿಂಗಳು ಮನೆಯಲ್ಲಿ ರಕ್ತ ಪರೀಕ್ಷಿಸುವ ಯಂತ್ರದಲ್ಲಿ ಸಕ್ಕರೆ ಇಳಿಯಿತು. ನಾನು ಓಡಿಹೋಗಿ ಹೇಳಿದೆ. ಆಂಟಿ ನನ್ನ ಕೆನ್ನೆ ತಟ್ಟಿ, "ನೋಡ್ದಾ?" ಎಂದರು. ಇಲ್ಲಿ ನನ್ನ ಕೆನ್ನೆ ತಟ್ಟುವವರು ಬೇರೆ ಯಾರೂ ಇರಲಿಲ್ಲ.

ಆಮೇಲೆ ಚಳಿ ಬಂತು. ನಡಿಗೆ ನಿಂತಿತು. ಯಂತ್ರದ ಪಟ್ಟಿಗಳು ಮುಗಿದವು, ಹೊಸದು ತರಲಿಲ್ಲ. ಟೆರ್ಮಿನ್ ಹತ್ತಿರ ಬಂದಾಗ ಆಂಟಿ, "ಇನ್ನೊಂದೆರಡು ತಿಂಗಳು ತಡಿ, ಪೂರ್ತಿ ಇಳಿದ್ಮೇಲೆ ತೋರಿಸಿದ್ರೆ ಡಾಕ್ಟ್ರೇ ಮೂಗ್ಮೇಲೆ ಬೆರಳಿಡ್ತಾರೆ," ಎಂದರು. ಮನೆಯಲ್ಲಿ ಜರ್ಮನ್ ಚೆನ್ನಾಗಿ ಬರುತ್ತಿದ್ದುದು ನನಗೆ. ಫೋನ್ ಮಾಡಿ ಟೆರ್ಮಿನ್ ರದ್ದು ಮಾಡಿದೆ. ಅದೂ ಅವರ ಅಡುಗೆಮನೆಯಲ್ಲಿ, ಅವರ ಎದುರಿಗೇ ನಿಂತು. ಗಂಡನಿಗೆ, "ಕ್ಲಿನಿಕ್‌ನವರೇ ಮುಂದಕ್ಕೆ ಹಾಕಿದಾರೆ," ಎಂದೆ. ಅವನು ಆಯ್ತು ಎಂದ. ಕೆಲಸದ ಒತ್ತಡದಲ್ಲಿದ್ದವನಿಗೆ ಒಳ್ಳೆಯದೇ ಆಯಿತು.

ಹೊಸ ಬೂಟು ಕಚ್ಚಿ ಎಡಗಾಲಿನಲ್ಲಿ ಆದ ಗುಳ್ಳೆ ಅವನಿಗೆ ತಿಳಿಯಲೇ ಇಲ್ಲ. ಕಾಲು ಅಷ್ಟು ಮರಗಟ್ಟಿತ್ತು. ಜ್ವರ ಬಂದು, ಸಾಕ್ಸ್ ಬಿಚ್ಚಿದಾಗ ನಾನು ಕಂಡದ್ದನ್ನು ಇಲ್ಲಿ ಬರೆಯಲಾರೆ. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಮಾತ್ರೆ ತಪ್ಪಿಸದೆ, ಪರೀಕ್ಷೆಗೆ ಬಂದಿದ್ದರೆ ಬಹುಶಃ ಇಷ್ಟಾಗುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರ್ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನೋಡಲು ಬಂದ ಆಂಟಿಯ ಮಗಳು ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡು ಅತ್ತಳು. "ಸಾರಿ ಅಕ್ಕ. ನಂಗೆ ಗೊತ್ತಿದ್ರೆ ನಿಲ್ಲಿಸ್ತಿದ್ದೆ. ಅಪ್ಪನ್ನೂ ಅಮ್ಮ ಹಿಂಗೇ..." ಎಂದಳು. ಅವಳ ಅಪ್ಪನಿಗೆ ಮೊದಲು ಕಾಲು ಹೋಗಿತ್ತು. ಆಮೇಲೆ ಕಿಡ್ನಿ. ಆಮೇಲೆ ಅವರೇ ಹೋಗಿದ್ದರು.

ಅಂದೇ ಮಧ್ಯಾಹ್ನ ಅವರ ಮನೆಯ ಬಾಗಿಲು ಬಡಿದೆ. ಆಂಟಿ ಒದ್ದೆ ಬಟ್ಟೆಯಿಂದ ಗಿಡದ ಎಲೆ ಒರೆಸುತ್ತಿದ್ದರು.

"ನಿಮ್ಮ ಯಜಮಾನ್ರು ಹೆಂಗೆ ಹೋದ್ರು ಅಂತ ಹೇಳಿ ಆಂಟಿ," ಎಂದೆ.

ಅವರು ಬಟ್ಟೆಯನ್ನು ಮಡಚಿದರು, ಮತ್ತೆ ಬಿಚ್ಚಿದರು. "ಮೊದ್ಲು ಇಳಿದಿತ್ತು. ನಿಜವಾಗ್ಲೂ ಇಳಿದಿತ್ತು ಕಣಮ್ಮ..."

ನಾನು ಕಿರುಚಿದೆ. ಕೊಲೆಗಾತಿ ಎಂದೆ. ಗಂಡನನ್ನು ತಿಂದದ್ದು ಸಾಲದೆ ನನ್ನ ಗಂಡನನ್ನೂ ತಿನ್ನಲು ಬಂದಿರಿ ಎಂದೆ. ಕೆಳಗಿನ ಜರ್ಮನ್ ಮುದುಕಿ ಬಾಗಿಲು ತೆಗೆದು ಮೇಲೆ ನೋಡುವಷ್ಟು ಕಿರುಚಿದೆ. ಆಂಟಿ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ ಸಣ್ಣ ದನಿಯಲ್ಲಿ, "ಎಲೆ ಕೊಟ್ಟೋಳು ನಾನು. ಡಾಕ್ಟ್ರಿಗೆ ಫೋನ್ ಮಾಡಿ ಬರಲ್ಲ ಅಂದೋಳು ನೀನು," ಎಂದರು.

ಬಾಗಿಲನ್ನು ಅವರ ಮುಖದ ಮೇಲೆ ಎಳೆದುಕೊಂಡು ಬಂದೆ. ಅವರನ್ನು ನಾನು ದ್ವೇಷಿಸಿದ್ದು ಕಾಲಿನ ಬೆರಳಿಗಿಂತ ಹೆಚ್ಚಾಗಿ ಆ ಮಾತಿಗೆ.

ಆಮೇಲೆ ಒಂದೂವರೆ ವರ್ಷ ನಾನು ಅವರೊಡನೆ ಮಾತಾಡಲಿಲ್ಲ. ಈ ಕಟ್ಟಡದಲ್ಲಿ ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಬೇಕು, ಸರದಿ ಬಂದವರ ಬಾಗಿಲಿಗೆ 'ಕೇರ್‌ವೋಖೆ' ಎಂಬ ಹಲಗೆ ತೂಗುತ್ತದೆ. ನಮ್ಮ ಸರದಿ ಮುಗಿದಾಗ ಬೆಲ್ ಒತ್ತದೆ, ಹಲಗೆಯನ್ನು ಅವರ ಬಾಗಿಲಿಗೆ ಸಿಕ್ಕಿಸಿ ಇಳಿಯುತ್ತಿದ್ದೆ. ಒಮ್ಮೆ ನಮ್ಮ ಬಾಗಿಲ ಬಳಿ ಕರಿಬೇವಿನ ಕವರ್ ಇಟ್ಟಿದ್ದರು. ಅದನ್ನು ಕೆಳಗೆ ಒಯ್ದು, ಅವರ ಕಿಟಕಿಗೆ ಕಾಣುವ ಹಾಗೆ ನಿಂತು ಕಸದ ಡಬ್ಬಿಗೆ ಸುರಿದೆ. ಪರದೆ ಅಲುಗಿತು. ನನಗೆ ಖುಷಿಯಾಯಿತು. ಹೌದು, ಖುಷಿಯೇ.

ಗಂಡ ಮಾತ್ರ ಅವರನ್ನು ಮಾತಾಡಿಸುವುದನ್ನು ಬಿಡಲಿಲ್ಲ. ಕುಂಟುತ್ತ ಆಫೀಸಿಗೆ ಇಳಿಯುವಾಗ ಆಂಟಿ ಮೆಟ್ಟಿಲ ಮೇಲೆ ನಿಂತಿರುತ್ತಿದ್ದರು. "ಮಾತ್ರೆ ತಗೊಂಡ್ಯೇನಪ್ಪಾ?" ಎಂದು ದಿನಾ ಕೇಳುತ್ತಿದ್ದರು. ಬಾಗಿಲ ಹಿಂದೆ ನಿಂತು ಅದನ್ನು ಕೇಳಿಸಿಕೊಂಡಾಗ ನನ್ನ ಹೊಟ್ಟೆ ಉರಿಯುತ್ತಿತ್ತು. ಈಗ ಕೇಳಿ ಏನುಪಯೋಗ? ಉರಿಯ ಜೊತೆಗೆ ಭಯವೂ ಇತ್ತು. ಟೆರ್ಮಿನ್ ವಿಷಯವನ್ನು ಅವರು ಇಂದು ಹೇಳಿಬಿಡುತ್ತಾರೆ, ನಾಳೆ ಹೇಳಿಬಿಡುತ್ತಾರೆ... ಗಂಡ ಸಂಜೆ ಬಂದ ಕೂಡಲೇ ಅವನ ಮುಖ ನೋಡುತ್ತಿದ್ದೆ.

ಆಂಟಿಯ ಅಳಿಯನಿಗೆ ನ್ಯೂರೆಂಬರ್ಗಿನಲ್ಲಿ ಕೆಲಸ ಸಿಕ್ಕಿ ಅವರೆಲ್ಲ ಮನೆ ಖಾಲಿ ಮಾಡಿದರು. ಸಾಮಾನಿನ ಗಾಡಿ ಹೊರಡುವಾಗ ನಾನು ಹೊರಗೆ ಬರಲಿಲ್ಲ. ಈ ಬೇಸಿಗೆಯಲ್ಲಿ ಅವರ ಮಗಳು ಫೋನ್ ಮಾಡಿದಳು. ಆಂಟಿಗೆ ಹೃದಯಾಘಾತ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತಂತೆ.

"ಬಾರೆ, ಒಂದ್ಸಲ ಮುಖ ನೋಡಿ ಬರೋಣ," ಎಂದ ಗಂಡ. ಬರುವುದಿಲ್ಲ ಎಂದೆ. ಅವನೊಬ್ಬನೇ ರೈಲಿನಲ್ಲಿ ಹೋದ. ಮರುದಿನ ಮಧ್ಯಾಹ್ನ ಬಂದು, ಸೋಫಾದ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಾಗ ತಡೆಯಲಾಗದೆ ಕೇಳಿದೆ: "ಅವರು... ನನ್ನ ಬಗ್ಗೆ ಯಾವತ್ತಾದ್ರೂ ಏನಾದ್ರೂ ಹೇಳಿದ್ರಾ ನಿಂಗೆ?"

"ಆಂಟೀನಾ? ಒಂದ್ ಕೆಟ್ಟ ಮಾತಿಲ್ಲ," ಎಂದ. "ತಪ್ಪೆಲ್ಲ ನಂದೇ ಕಣಪ್ಪಾ, ಅವಳಿಗೇನೂ ಅನ್ಬೇಡ ಅಂತಿದ್ರು."

ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ.

ಅವರ ಮೇಲಿನ ಸಿಟ್ಟು ಹೋಗಿಲ್ಲ. ಸತ್ತರೆಂದು ಹೋಗುವ ಸಿಟ್ಟಲ್ಲ ಅದು. ಸ್ವಂತ ಗಂಡನನ್ನು ಕಳೆದುಕೊಂಡ ಮದ್ದನ್ನೇ ನನ್ನ ಕೈಗಿಟ್ಟವರನ್ನು ಹೇಗೆ ಕ್ಷಮಿಸಲಿ? ಆದರೆ ಆ ಫೋನಿನ ವಿಷಯ ಗೊತ್ತಿದ್ದವರು ನಾವಿಬ್ಬರೇ. ನನ್ನನ್ನು ತಲೆಯೆತ್ತದ ಹಾಗೆ ಮಾಡಲು ಅವರಿಗೆ ಒಂದು ವಾಕ್ಯ ಸಾಕಿತ್ತು, ದಿನಾ ಬೆಳಿಗ್ಗೆ ಅವಕಾಶವೂ ಇತ್ತು. ಅವರು ಹೇಳಲಿಲ್ಲ. ಈಗ ಅದು ನನ್ನೊಬ್ಬಳಿಗೇ ಗೊತ್ತು. ಗಂಡ ಪಕ್ಕದ ಕೋಣೆಯಲ್ಲಿ ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದಾನೆ. ನಾನು ಇನ್ನೂ ಹೇಳಿಲ್ಲ.